ಸೆಟ್ಟಾಯ್ತಾ?

ಮೋಲ್ಡ್ ಹಾಕಿದ ಮರುದಿನ ಮೇಸ್ತ್ರಿಗೆ ಕೇಳೋ ಪ್ರಶ್ನೆಯೂ ಇದೇ, ಹೆಣ್ಣು ನೋಡಿ ಬಂದ ಸಂಜೆ ಬ್ರೋಕರ್‌ಗೆ ಕೇಳೋ ಪ್ರಶ್ನೆಯೂ ಇದೇ: ‘ಸೆಟ್ಟಾಯ್ತಾ?’

1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ನಾವು ಅಷ್ಟನ್ನೂ ಹೊತ್ತು ತರಲಿಲ್ಲ. ಸೂರ್ಯ ಇಂದಿಗೂ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ. ತಂದದ್ದನ್ನೂ ಒಂಟಿಯಾಗಿ ಬಿಡಲಿಲ್ಲ: ಅಲಾರಂ ಸೆಟ್ ‘ಮಾಡ್ತೀವಿ’, ಕಾಂಕ್ರೀಟು ಸೆಟ್ ‘ಆಗುತ್ತೆ’.

ಈ ‘ಆಗು’ ಎಷ್ಟು ಕರಾರುವಾಕ್ಕು ಅನ್ನೋದನ್ನ ಮೈಸೂರು ಪಾಕಿನಲ್ಲಿ ನೋಡಬೇಕು. 1 ಬಟ್ಟಲು ಕಡಲೆಹಿಟ್ಟಿಗೆ ಸಕ್ಕರೆ 2, ತುಪ್ಪ 2. ಪಾಕ ಒಂದೆಳೆ ಬರುವ ಮೊದಲೇ ಹಿಟ್ಟು ಸುರಿದರೆ ತಟ್ಟೆಯಲ್ಲಿ ಹಲ್ವದ ಹಾಗೆ ಮೆತ್ತಗೆ ಕೂರುತ್ತೆ. ಕಾದ ತುಪ್ಪವನ್ನ ಸೌಟು ಸೌಟಾಗಿ ಬಿಟ್ಟು ಕೈಯಾಡಿಸುತ್ತಿದ್ದರೆ ನೊರೆನೊರೆಯಾಗಿ ಉಬ್ಬಿ ಬಾಣಲೆಯ ಅಂಚು ಬಿಡುತ್ತೆ. ಆಗಲೇ ಇಳಿಸಬೇಕು, ತಡವಾದರೆ ಪುಡಿಪುಡಿ. ಬಿಸಿಯಿರುವಾಗಲೇ ಚಾಕುವಿನಿಂದ ಗೆರೆ ಎಳೆಯದಿದ್ದರೆ ಆಮೇಲೆ ಸುತ್ತಿಗೆ ಹುಡುಕಬೇಕಾದೀತು. ಹದ ನಮ್ಮ ಕೈಯಲ್ಲಿ, ಸೆಟ್ ಆಗೋದು ಅದರ ಪಾಡಿಗೆ.

ಸಾಮಾನ್ಯ ಸಿಮೆಂಟಿಗೂ ಲೆಕ್ಕವಿದೆ: ಕಲೆಸಿದ 30 ನಿಮಿಷದೊಳಗೆ ಬಿಗಿಯತೊಡಗಬಾರದು, 10 ಗಂಟೆಯೊಳಗೆ ಸೆಟ್ ಆಗಿಬಿಡಬೇಕು. ಆದರೆ ಸೆಟ್ ಆಗೋದು ಬೇರೆ, ಬಲ ಬರೋದು ಬೇರೆ. ಕನಿಷ್ಠ 7 ದಿನ ನೀರು ಕಟ್ಟದಿದ್ದರೆ ಬಿರುಕು ಖಚಿತ. ಮೇಸ್ತ್ರಿ ಇದನ್ನ ಹೇಳ್ತಾನೆ, ಬ್ರೋಕರ್ ಹೇಳಲ್ಲ.

ಇವತ್ತಿನ ಸಾಮಾನ್ಯ ಇಂಗ್ಲಿಷಿನಲ್ಲಿ ಕಾಣದ ಒಂದು ಅರ್ಥವೂ ನಮ್ಮಲ್ಲಿದೆ. ‘ಈ ಕೆಲ್ಸ ನಂಗೆ ಸೆಟ್ಟಾಗಾಕಿಲ್ಲ ಕಣಣ್ಣ’ ಅಂತಾರಲ್ಲ ಮಂಡ್ಯ ಕಡೆ, ಅಲ್ಲಿ ‘ಸೆಟ್’ ಬಂದು ಕೂತಿರೋದು ‘ಒಗ್ಗು’ವಿನ ಜಾಗದಲ್ಲಿ, ‘ನಂಗೆ’ಯನ್ನೂ ಅದರಿಂದಲೇ ಇಸ್ಕೊಂಡಿದೆ. ತೊಂದರೆ ಶುರುವಾಗೋದು ಇಂಟರ್‌ವ್ಯೂನಲ್ಲಿ. ‘ನೈಟ್ ಶಿಫ್ಟ್ ಡಸ್ ನಾಟ್ ಸೆಟ್ ಟು ಮಿ’ ಅಂದರೆ ಎದುರಿನವರು ಮುಖ ಮುಖ ನೋಡಿಕೊಳ್ತಾರೆ. ಅಲ್ಲಿ ‘ಡಸ್ ನಾಟ್ ಸೂಟ್ ಮಿ’ ಅನ್ನಬೇಕು. ‘ಟು’ ಬೇಡ, ಅದು ನಮ್ಮ ‘ಗೆ’ ಪ್ರತ್ಯಯ ವೇಷ ಹಾಕಿಕೊಂಡು ಬಂದದ್ದು. ‘ಸೆಟ್ಟೆಡ್’ ಕೂಡ ಬೇಡ. ಇಂಗ್ಲಿಷಿನಲ್ಲಿ ನಿನ್ನೆಗೂ ಇವತ್ತಿಗೂ ‘ಸೆಟ್’ ಒಂದೇ. ‘ಆಯ್ತು’, ‘ಆಗುತ್ತೆ’ ಅಂತ ಕಾಲ ನೋಡಿಕೊಳ್ಳೋ ಆಳು ಅದಕ್ಕೆ ಸಿಕ್ಕಿದ್ದು ಕನ್ನಡದಲ್ಲೇ.

ಸೆಟ್ ದೋಸೆಯ ‘ಸೆಟ್’ ಮಾತ್ರ ಈ ಪೈಕಿಯದ್ದಲ್ಲ, ಅದು ಜೊತೆಜೊತೆಯಾಗಿ ಬರುವ ದೋಸೆಗಳ ಗುಂಪನ್ನ ಹೇಳುವ ನಾಮಪದ. ಆದರೂ ಒಂದೇ ದೋಸೆ ಕೇಳಿದವರಿಗೆ ಸಪ್ಲೈಯರ್ ‘ಸೆಟ್ಟಾಗಲ್ಲ ಸಾರ್’ ಅಂದರೆ ಎರಡು ಲೆಕ್ಕದಲ್ಲೂ ಸರಿಯೇ.