ರಾತ್ರಿ ಬಾಗಿಲು ಹಾಕುತ್ತಿದ್ದ ಟಿವಿ

ಹೋದ ತಿಂಗಳು ಪಕ್ಕದ ಮನೆ ಅಜ್ಜಿ ಅಟ್ಟ ಖಾಲಿ ಮಾಡಿಸುತ್ತಿದ್ದರು. ಪೆಟ್ಟಿಗೆ ಇಳಿಸಿಕೊಡಲು ನಾನು ಹೋಗಿದ್ದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈ ಬೀದಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹದಿನೆಂಟು ವರ್ಷದ ನೆರೆ.

ಒಂದು ಪೆಟ್ಟಿಗೆ ತುಂಬ, ವಾರದ ಟಿವಿ ಕಾರ್ಯಕ್ರಮಗಳ ಪಟ್ಟಿ ಕೊಡುವ ಹಳೇ ‘ರೇಡಿಯೋ ಟೈಮ್ಸ್’ ಪತ್ರಿಕೆಗಳಿದ್ದವು. 1970ರ ದಶಕದವು. ಮೇಲಿದ್ದದ್ದು ಕ್ರಿಸ್‌ಮಸ್ ವಾರದ್ದು. ಬಿಡಿಸಿ ನೋಡಿದರೆ ಪುಟದ ತುಂಬ ಪೆನ್ಸಿಲ್ ಸುತ್ತುಗಳು. ಕೆಂಪು ಅಜ್ಜಿಯದು, ನೀಲಿ ಅವರ ಯಜಮಾನರದು. ಎರಡೂ ಬಣ್ಣ ಒಂದೇ ಕಾರ್ಯಕ್ರಮದ ಮೇಲೆ ಬಿದ್ದರೆ ಅವತ್ತು ಊಟ ಬೇಗ ಮುಗಿಸುತ್ತಿದ್ದರಂತೆ. ಇದರಲ್ಲಿ ಬಿಬಿಸಿಯ ಕಾರ್ಯಕ್ರಮ ಮಾತ್ರ ಇರುತ್ತಿತ್ತು. ಇನ್ನೊಂದು ವಾಹಿನಿ ಐಟಿವಿಗೆ ‘ಟಿವಿ ಟೈಮ್ಸ್’ ಅಂತ ಬೇರೆ ಪತ್ರಿಕೆ. 1991ರವರೆಗೂ ಹೀಗೇ ಇತ್ತು. ಉಳಿದ ವಾರ ಒಂದನ್ನೇ ಕೊಂಡರೂ ಕ್ರಿಸ್‌ಮಸ್‌ಗೆ ಎರಡನ್ನೂ ತರುತ್ತಿದ್ದೆವು ಅಂದರು ಅಜ್ಜಿ.

ನನ್ನ ಕಣ್ಣು ನಿಂತಿದ್ದು ಆ ಸುತ್ತುಗಳ ಮೇಲಲ್ಲ. ಬೇರೊಂದು ಸಂಚಿಕೆಯಲ್ಲಿ, ಮಾಮೂಲಿ ವಾರದ ದಿನದ ಪುಟದಲ್ಲಿ, ಒಂದು ಸಣ್ಣ ಪದ ಮತ್ತೆ ಮತ್ತೆ ಬರುತ್ತಿತ್ತು: ಕ್ಲೋಸ್‌ಡೌನ್. ಅಂದರೆ ಬಾಗಿಲು ಹಾಕಿದೆ, ಆಮೇಲೆ ಬನ್ನಿ. ಬಿಬಿಸಿ-2ರಲ್ಲಂತೂ ಬೆಳಿಗ್ಗೆ 11ಕ್ಕೆ ಮಕ್ಕಳ ‘ಪ್ಲೇ ಸ್ಕೂಲ್’ ಬಂದು ಅರ್ಧ ಗಂಟೆಯೊಳಗೆ ಮುಗಿದರೆ, ಮತ್ತೆ ಶುರುವಾಗುತ್ತಿದ್ದದ್ದು ಎಷ್ಟೋ ದಿನ ಸಂಜೆಗೇ.

ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು, ಅಜ್ಜಿಯ ಹತ್ತಿರ ಕೂತು ಒಂದು ದಿನದ ಟಿವಿ ಹೇಗಿರುತ್ತಿತ್ತು ಅಂತ ಕೇಳಿದೆ. ಬೆಳಿಗ್ಗೆ ಶಾಲಾ ಮಕ್ಕಳ ಪಾಠ. ಮಧ್ಯಾಹ್ನ ಒಂದಕ್ಕೆ ನಮ್ಮೂರಿನದೇ ‘ಪೆಬಲ್ ಮಿಲ್ ಅಟ್ ಒನ್’. 1972ರಲ್ಲಿ ಶುರುವಾಗಿದ್ದು. ಇಲ್ಲಿನ ಬಿಬಿಸಿ ಕಟ್ಟಡದ ಮುಂಬಾಗಿಲ ಹಜಾರದಲ್ಲೇ ಕೂತು ನಡೆಸುತ್ತಿದ್ದರು. ಹಿಂದಿನ ಗಾಜಿನಲ್ಲಿ ಬರ್ಮಿಂಗ್‌ಹ್ಯಾಮಿನ ಮಳೆ ಕಾಣಿಸುತ್ತಿತ್ತು ಅಂತ ಅಜ್ಜಿ ನೆನೆಸಿಕೊಂಡರು. ಆ ಕಟ್ಟಡವನ್ನು 2005ರಲ್ಲಿ ಕೆಡವಿದರು. ಆಮೇಲೆ ಪುಟಾಣಿಗಳದ್ದು. ಸಂಜೆ ವಾರ್ತೆ. ಸೋಮವಾರ, ಬುಧವಾರ ಏಳೂವರೆಗೆ ಐಟಿವಿಯಲ್ಲಿ ‘ಕರೋನೇಶನ್ ಸ್ಟ್ರೀಟ್’ ಸೀರಿಯಲ್. ಒಂಬತ್ತಕ್ಕೆ ಬಿಬಿಸಿ ವಾರ್ತೆ, ಹತ್ತಕ್ಕೆ ಐಟಿವಿಯದು.

ಕಾರ್ಯಕ್ರಮ ಇಲ್ಲದ ಹೊತ್ತಿನಲ್ಲಿ ಟೆಸ್ಟ್ ಕಾರ್ಡ್, ಅಂದರೆ ಪರದೆಯ ಮೇಲೆ ಅಲುಗದೆ ನಿಂತ ಒಂದೇ ಚಿತ್ರ. ಒಬ್ಬಳು ಹುಡುಗಿ ಕರಿಹಲಗೆಯ ಮೇಲೆ ಸೊನ್ನೆ-ಗುಣಿಸು ಆಟ ಆಡುತ್ತಿರುವ ಚಿತ್ರ. ಪಕ್ಕದಲ್ಲಿ ಕೋಡಂಗಿ ಗೊಂಬೆ. 1967ರಲ್ಲಿ ಬಂದ ಆ ಚಿತ್ರ ಒಟ್ಟು 70,000 ಗಂಟೆ ಪರದೆಯ ಮೇಲಿತ್ತು ಅನ್ನುತ್ತಾರೆ. ಅದನ್ನು ಯಾರೂ ಕೂತು ನೋಡುತ್ತಿರಲಿಲ್ಲ. ಬಟ್ಟೆ ಒಗೆಯೋಕೆ, ಅಂಗಡಿಗೆ ಹೋಗೋಕೆ ಏಳುತ್ತಿದ್ದರು.

ರಾತ್ರಿಯ ವಿಷಯವನ್ನು ಅಜ್ಜಿ ಕೈಯಾಡಿಸಿ ತೋರಿಸಿದರು. ಹವಾಮಾನ ಹೇಳಿ ಮುಗಿಯುತ್ತಿತ್ತು. ನಿರೂಪಕರು ‘ಗುಡ್ ನೈಟ್’ ಹೇಳಿ, ಸೆಟ್ ಆರಿಸಲು ಮರೆಯಬೇಡಿ ಅನ್ನುತ್ತಿದ್ದರು. ರಾಷ್ಟ್ರಗೀತೆ. ಆಮೇಲೆ ಯಜಮಾನರು ಎದ್ದು ಗುಂಡಿ ಒತ್ತಿದರೆ, ಪರದೆಯ ಬೆಳಕೆಲ್ಲ ನಡುವಿಗೆ ಸರಿದು ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯಾಗಿ ನಿಲ್ಲುತ್ತಿತ್ತು. ಅದೂ ಆರುವವರೆಗೆ ಇಬ್ಬರೂ ನಿಂತು ನೋಡುತ್ತಿದ್ದರಂತೆ. ಆಮೇಲೆ ಮಲಗೋದು.

ಇದನ್ನು ಕೇಳುತ್ತಾ ನನಗೆ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದು ನೆನಪಾಯಿತು. ಮೂರು ವರ್ಷದ ಮೇಲೆ ಹೋಗಿದ್ದೆ. ಹನುಮಂತನಗರದ ಮನೆಯ ಹಜಾರದಲ್ಲಿ ಅಣ್ಣ ನನ್ನ ಎದುರಿಗೆ ಕೂತಿದ್ದ. ಅತ್ತಿಗೆ ಉಪ್ಪಿಟ್ಟು ತಂದಿಟ್ಟರು. ನಾನು ಏನೋ ಹೇಳಲು ಶುರು ಮಾಡಿದೆ. ಅಣ್ಣನ ಕಣ್ಣು ನನ್ನ ಭುಜದ ಮೇಲಿಂದ ಹಾದು ಟಿವಿಗೆ ಹೋಯಿತು. ಬ್ರೇಕಿಂಗ್ ನ್ಯೂಸ್. ಪರದೆ ತುಂಬ ಕೆಂಪು ಅಕ್ಷರ, ಒಂದೇ ತುಣುಕು ಹತ್ತು ಸಲ. ಆಮೇಲೆ ಸೀರಿಯಲ್, ಆಮೇಲೆ ಅದೇ ಸೀರಿಯಲ್‌ನ ಮರುಪ್ರಸಾರ. ಯಾರೂ ನೋಡುತ್ತಿರಲಿಲ್ಲ. ನಾನು ರಿಮೋಟ್ ತೆಗೆದುಕೊಂಡು ಆರಿಸಲಾ ಅಂದೆ. ಅಣ್ಣನ ಮಗ ಮೊಬೈಲ್‌ನಿಂದ ತಲೆ ಎತ್ತದೆ ಹೇಳಿದ: “ಬೇಡ ಚಿಕ್ಕಪ್ಪ, ಸುಮ್ನೆ ಓಡ್ತಿರ್ಲಿ.”

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ನೋಡೋದಕ್ಕಲ್ಲ, ಕೇಳೋದಕ್ಕೂ ಅಲ್ಲ. ಸುಮ್ನೆ. ಬಂದ ನೆಂಟರ ಮಾತಿನ ಮೇಲೆ, ದೇವರಮನೆಯ ಮಂತ್ರದ ಮೇಲೆ, ಊಟದ ತಟ್ಟೆಯ ಮೇಲೆ ಅದು ಓಡುತ್ತಲೇ ಇರಬೇಕು. ನನಗೆ ಸಿಟ್ಟು ಬಂತು. ಮೂರು ವರ್ಷದ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ವಾಪಸು ಬಂದೆ ಅನ್ನಿಸಿತು.

ನಮ್ಮಲ್ಲೂ ಹೀಗಿರಲಿಲ್ಲ ಅಲ್ವಾ? ಬೆಂಗಳೂರು ದೂರದರ್ಶನ ಬಂದಿದ್ದು 1981ರಲ್ಲಿ. ನಮ್ಮ ಬೀದಿಯಲ್ಲಿ ಮೊದಲು ಟಿವಿ ತಂದವರ ಮನೆಯಲ್ಲಿ ಮರದ ಷಟರ್ ಇದ್ದ ಪೆಟ್ಟಿಗೆ. ಶುಕ್ರವಾರ ಸಿನಿಮಾ ಹಾಡುಗಳ ಚಿತ್ರಮಂಜರಿ, ಭಾನುವಾರ ಸಂಜೆ ಸಿನಿಮಾ. ಸಿನಿಮಾ ಮುಗಿದದ್ದೇ ಆ ಮನೆಯ ಅಜ್ಜಿ ಷಟರ್ ಎಳೆದು, ಮೇಲೆ ಕಸೂತಿ ಬಟ್ಟೆ ಹೊದಿಸುತ್ತಿದ್ದರು. ನಾವು ಚಪ್ಪಲಿ ಹುಡುಕಿಕೊಂಡು ಮನೆಗೆ. ಆ ಷಟರ್ ನಮ್ಮ ಮನೆಗಳಿಂದ ಯಾವಾಗ ಹೋಯಿತೋ ಅಲ್ಲಿಂದಲೇ ಕೆಟ್ಟಿತು ಅಂತ ನನ್ನ ನಂಬಿಕೆ.

ಇಲ್ಲಿಯವರು ಇನ್ನೂ ಮುಂದೆ ಹೋಗಿದ್ದರು. ಸಂಜೆ 6ರಿಂದ 7ರವರೆಗೆ ಟಿವಿ ಪೂರ್ತಿ ಬಂದ್ ಅಂತ ಸರ್ಕಾರದ್ದೇ ನಿಯಮ ಇತ್ತು, 1957ರ ಫೆಬ್ರವರಿಯವರೆಗೂ. ತಾಯಂದಿರು ಆ ಒಂದು ಗಂಟೆಯಲ್ಲಿ ಮಕ್ಕಳನ್ನು ಮಲಗಿಸಲಿ ಅಂತ. ಎಂಥ ಒಳ್ಳೆಯ ಯೋಚನೆ! ಪ್ರಸಾರದ ಗಂಟೆಗಳಿಗೆ ಸರ್ಕಾರ ಹಾಕಿದ್ದ ಮಿತಿ 1972ರವರೆಗೆ ಇತ್ತು. 1973ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಕಡಿಮೆಯಾಗಿ ಕರೆಂಟ್ ಉಳಿಸಬೇಕಾದಾಗ ರಾತ್ರಿ ಹತ್ತೂವರೆಗೇ ಮುಗಿಸಿ ಅಂತ ಆಜ್ಞೆಯಾಯಿತು. ಜನ ಬೇಗ ಮಲಗಿದರು, ಅಷ್ಟೇ.

ಒಂದು ಕಾರ್ಯಕ್ರಮ ನಿಜವಾಗಿ ಮುಗಿಯುತ್ತಿತ್ತು ಅನ್ನೋದಕ್ಕೆ ಇಲ್ಲಿನ ಕರೆಂಟಿನವರ ಲೆಕ್ಕವೇ ಸಾಕ್ಷಿ. ಮುಗಿದ ತಕ್ಷಣ ದೇಶವೆಲ್ಲ ಎದ್ದು ಟೀಗೆ ಕರೆಂಟಿನ ಕೆಟಲ್ ಹಾಕುತ್ತಿತ್ತು. 1990ರ ಜುಲೈ 4ರಂದು ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತ ಕೂಡಲೇ 2,800 ಮೆಗಾವಾಟ್ ಬೇಡಿಕೆ ಒಮ್ಮೆಲೇ ಏರಿತ್ತು. ಇಂಥ ಹೊತ್ತಿಗೆ ವೇಲ್ಸ್‌ನ ಡಿನೋರ್ವಿಗ್‌ನಲ್ಲಿ ಬೆಟ್ಟದ ಮೇಲಿನ ಕೆರೆಯಿಂದ ನೀರು ಬಿಟ್ಟು ಕೆಲವೇ ಸೆಕೆಂಡುಗಳಲ್ಲಿ ವಿದ್ಯುತ್ ತಯಾರಿಸುತ್ತಾರೆ. ಲಕ್ಷಾಂತರ ಮನೆಗಳಲ್ಲಿ ಜನ ಒಂದೇ ಗಳಿಗೆಯಲ್ಲಿ ಕುರ್ಚಿ ಬಿಟ್ಟೆದ್ದರು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ನಮ್ಮಲ್ಲಿ ಕರೆಂಟ್ ಹೋದಾಗ ಎಲ್ಲರೂ ಬೀದಿಗೆ ಬಂದು ಮಾತಾಡುತ್ತಿದ್ದೆವಲ್ಲ, ಆ ಸುಖ ಇವರಿಗೆ ಕರೆಂಟ್ ಇದ್ದಾಗಲೇ ಸಿಗುತ್ತಿತ್ತು.

ಇದನ್ನೆಲ್ಲ ಇಲ್ಲಿನ ಹಿರಿಯ ಕನ್ನಡಿಗರೊಬ್ಬರ ಹತ್ತಿರ ಹೇಳಿದೆ. ದಾವಣಗೆರೆ ಕಡೆಯವರು, 1971ರಲ್ಲಿ ಡಾಕ್ಟರಾಗಿ ಬಂದವರು. ಅವರು ನನ್ನ ಮಾತಿಗೆ ತಲೆಯಾಡಿಸಲಿಲ್ಲ. “ನಮಗಾಗಿ ಇದ್ದದ್ದು ಭಾನುವಾರ ಬೆಳಿಗ್ಗೆ ಒಂದೇ ಕಾರ್ಯಕ್ರಮ ಕಣಪ್ಪ” ಅಂದರು. ‘ನಯೀ ಜಿಂದಗಿ ನಯಾ ಜೀವನ್’. 1968ರಿಂದ ಬರುತ್ತಿತ್ತು, ನಮ್ಮ ಬರ್ಮಿಂಗ್‌ಹ್ಯಾಮಿನಲ್ಲೇ ತಯಾರಾಗುತ್ತಿತ್ತು. ಮಾತು ಹಿಂದಿ-ಉರ್ದು. ಅವರ ಹೆಂಡತಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಬೇಗ ತಲೆಗೆ ನೀರು ಹಾಕಿಕೊಂಡು, ಕುಂಕುಮ ಇಟ್ಟು, ಟಿವಿ ಮುಂದೆ ಕೂರುತ್ತಿದ್ದರಂತೆ. ಸೀರೆ ಉಟ್ಟ ಒಬ್ಬರು ಪರದೆಯ ಮೇಲೆ ಕಂಡರೆ ಸಾಕಿತ್ತು. ಅದು ಮುಗಿದರೆ ಮತ್ತೆ ಏಳು ದಿನ ಏನೂ ಇಲ್ಲ. “ನೀನು ಹೊಗಳ್ತಿರೋ ಆ ಖಾಲಿ ಹೊತ್ತಲ್ಲಿ ಅವಳು ಕಿಟಕಿ ಹತ್ರ ಕೂತು ಅಳ್ತಿದ್ಲು” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೂ ಒಂದು ಹೇಳಬೇಕು, ಇಷ್ಟವಿಲ್ಲದಿದ್ದರೂ. ಆ ಪೆನ್ಸಿಲ್ ಸುತ್ತಿನ ಅಜ್ಜಿಯ ಟಿವಿ ಈಗ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ. ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು.

ಹನುಮಂತನಗರದ ಮನೆಯಲ್ಲೂ ಅಪ್ಪ ಇಲ್ಲ. ಅಣ್ಣ, ಅತ್ತಿಗೆ ಕೆಲಸಕ್ಕೆ ಹೋದಮೇಲೆ ಸಂಜೆವರೆಗೆ ಅಮ್ಮ ಒಬ್ಬಳೇ. ಆ ಉಪ್ಪಿಟ್ಟಿನ ದಿನ ರಾತ್ರಿ, ನಾನು ಟಿವಿ ಬಗ್ಗೆ ಗೊಣಗಿದ್ದಕ್ಕೆ ಅವಳು ಹೇಳಿದ್ದಳು: “ಆರ್ಸಿದ್ರೆ ಮನೆ ಬಿಕೋ ಅನ್ನತ್ತೆ ಕಣೋ.” ಅವತ್ತು ಸಿಟ್ಟಿನಲ್ಲಿ ಅದು ಕಿವಿಗೆ ಬಿದ್ದಿರಲಿಲ್ಲ.

ಹೋದ ಭಾನುವಾರ ಫೋನಿನಲ್ಲಿ ಕೇಳಿದೆ, ಅಮ್ಮಾ, ಅಷ್ಟರಲ್ಲಿ ನೀನು ನಿಜವಾಗಿ ಕಾದು ನೋಡೋದು ಯಾವುದು ಅಂತ. ಸ್ವಲ್ಪ ಹೊತ್ತು ಯೋಚಿಸಿ, “ಏಳೂವರೇದು ಒಂದು. ಉಳಿದಿದ್ದೆಲ್ಲ ಸುಮ್ನೆ” ಅಂದಳು. ಅದು ಎಂಟಕ್ಕೆ ಮುಗಿಯುತ್ತದೆ. ಈ ಚಳಿಗಾಲದಲ್ಲಿ ಇಲ್ಲಿಗೆ ಅದು ಮಧ್ಯಾಹ್ನ ಎರಡೂವರೆ. ಈಗ ದಿನಾ ಆ ಹೊತ್ತಿಗೆ ಫೋನ್ ಮಾಡುತ್ತಿದ್ದೇನೆ. ಮೊದಲೆರಡು ದಿನ ಸೌಂಡ್ ಕಡಿಮೆ ಮಾಡಿ ಮಾತಾಡಿದಳು. ನಿನ್ನೆ, “ತಾಳು, ಆರಿಸಿ ಬರ್ತೀನಿ” ಅಂದಳು.