ಕಡಲೆಕಾಳಿನ ಗಾತ್ರದ ತಲೆನೋವು

ಏರ್ ರೈಫಲ್‌ಗೆ ಪೆಲೆಟ್ (ಪುಟ್ಟ ಗುಂಡು) ತುಂಬಲು ಪ್ರತಿ ಸಲ ಹಿಂದಕ್ಕೆಳೆಯುವ ಬೋಲ್ಟ್‌ನ ಹಿಡಿಯ ತುದಿಯಲ್ಲಿ ಒಂದು ನಾಬ್ ಇರುತ್ತದಲ್ಲ, ಅದನ್ನು ವಿನ್ಯಾಸ ಮಾಡಿದ ಮಹಾನುಭಾವರ ಕೈಯಲ್ಲಿ ಬೆರಳಿದ್ದವೋ ಚಿಮುಟವಿತ್ತೋ ಎಂಬ ಅನುಮಾನ ಪ್ರತಿ ಪೆಲೆಟ್‌ಗೂ ಬರುತ್ತದೆ. ಕಡಲೆಕಾಳಿನಷ್ಟು ಗಾತ್ರ, ಕನ್ನಡಿಯಂಥ ನಯ. ಬೆವರಿದ ಬೆರಳಿನಲ್ಲಿ ಎಳೆದರೆ ಬೋಲ್ಟ್ ಇದ್ದಲ್ಲೇ ಇರುತ್ತದೆ, ಬೆರಳು ಮಾತ್ರ ಹಿಂದಕ್ಕೆ ಬರುತ್ತದೆ. ಅರವತ್ತು ಪೆಲೆಟ್ ಮುಗಿಯುವಷ್ಟರಲ್ಲಿ ಗುರಿಯ ಮೇಲಿನ ಸಿಟ್ಟೆಲ್ಲ ನಾಬ್‌ನ ಮೇಲೆ ತಿರುಗಿರುತ್ತದೆ.

ಮನೆಯಲ್ಲಿ ಚಿಕ್ಕ ಲೇತ್ (ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಇಟ್ಟುಕೊಂಡವರಿಗೆ ಆಗ ಆ ಅಪಾಯಕಾರಿ ವಾಕ್ಯ ಹೊಳೆಯುತ್ತದೆ: ‘ಒಂದು ನಾಬ್ ತಾನೆ, ಅರ್ಧ ಗಂಟೆ ಕೆಲಸ.’

ಗಾಳಿ ಖಾಲಿ ಮಾಡಿ, ನಳಿಗೆಯಲ್ಲಿ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಬೋಲ್ಟ್ ಹೊರತೆಗೆದು ಹಳೆಯ ನಾಬ್ ಬಿಚ್ಚುವುದು ಮೊದಲ ಕೆಲಸ. ಬಿಚ್ಚಿದ ಕೂಡಲೇ ಮೊದಲ ಮೋಸ ಎದುರಾಗುತ್ತದೆ. ನಾಬ್ ಹಿಡಿದಿದ್ದ ಸ್ಕ್ರೂವಿನ ಥ್ರೆಡ್ (ಸುರುಳಿ ಗೀರು) ಮಿಲಿಮೀಟರ್ ಲೆಕ್ಕದ ಎಂ5 ಇರಬಹುದು, ಇಂಚಿನ ಲೆಕ್ಕದ 10-32 ಕೂಡ ಇರಬಹುದು. ಎಂ5ರ ಪಿಚ್, ಅಂದರೆ ಪಕ್ಕಪಕ್ಕದ ಎರಡು ಗೀರುಗಳ ನಡುವಿನ ದೂರ, 0.8 ಮಿಮೀ, ಇನ್ನೊಂದರದ್ದು 0.794. ಪಿಚ್ ಅಳೆಯುವ ಥ್ರೆಡ್ ಗೇಜ್ ಇಟ್ಟರೆ ಎರಡಕ್ಕೂ ‘ಹೂಂ’ ಅನ್ನುತ್ತದೆ. 10-32ರ ಸ್ಕ್ರೂ ಎಂ5 ತೂತಿನೊಳಗೆ ಲೊಡಲೊಡ ಹೋಗಿ ಕೂರುತ್ತದೆ; ಎಂ5 ಸ್ಕ್ರೂ 10-32 ತೂತಿನಲ್ಲಿ ಸ್ವಲ್ಪ ದೂರ ಸಂಭಾವಿತನಂತೆ ಹೋಗಿ, ಆಮೇಲೆ ಕಚ್ಚಿಕೊಂಡು ಬಿಡುತ್ತದೆ. ಹೊರವ್ಯಾಸ ಅಳೆಯುವುದೊಂದೇ ದಾರಿ: ಒಂದು 5 ಮಿಮೀ ಹತ್ತಿರ, ಇನ್ನೊಂದು 4.8.

ಎಂ5 ಅಂತಲೇ ಇಟ್ಟುಕೊಳ್ಳೋಣ. 16 ಮಿಮೀ ಅಲ್ಯೂಮಿನಿಯಂ ಸರಳನ್ನು ಲೇತ್‌ನ ಹಿಡಿತಕ್ಕೆ (ಚಕ್) ಕಚ್ಚಿಸಿ, ಮುಖ ಸಮ ಮಾಡಿ, ಸೆಂಟರ್ ಡ್ರಿಲ್‌ನಿಂದ ನಡುವೆ ಗುರುತು ಹಾಕಿ, 4.2 ಮಿಮೀ ಡ್ರಿಲ್‌ನಲ್ಲಿ 14 ಮಿಮೀ ಆಳ ಕೊರೆಯಬೇಕು. ಥ್ರೆಡ್ ಬೇಕಾಗಿರುವುದು 10 ಮಿಮೀ ಮಾತ್ರ. ಉಳಿದ ನಾಲ್ಕು ಮಿಮೀ, ಲೋಹದ ಚೂರು ಬೀಳುವುದಕ್ಕೆ ಬಿಟ್ಟ ಜಾಗ. ‘10 ಸಾಕಲ್ಲ’ ಎಂದು ಜಿಪುಣತನ ಮಾಡಿದವರಿಗಾಗಿಯೇ ಮುಂದಿನ ಪ್ಯಾರಾ.

ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ ಟ್ಯಾಪ್. ಅದು ಮುರಿಯುವ ಸದ್ದು ಬಹಳ ಸಣ್ಣದು. ‘ಟಿಕ್.’ ಗಡಿಯಾರದ ಮುಳ್ಳು ಒಂದು ಹೆಜ್ಜೆ ಇಟ್ಟಷ್ಟೇ. ಆಮೇಲೆ ಟ್ಯಾಪ್ ಹಿಡಿ ಇದ್ದಕ್ಕಿದ್ದಂತೆ ಸಲೀಸಾಗಿ ತಿರುಗತೊಡಗುತ್ತದೆ, ‘ಆಹಾ, ಎಷ್ಟು ಸುಲಭ’ ಅನ್ನಿಸುವ ಅರ್ಧ ಕ್ಷಣದ ಸುಖವೂ ಸಿಗುತ್ತದೆ. ಹಿಡಿ ಮೇಲೆತ್ತಿದರೆ ಅರ್ಧ ಟ್ಯಾಪ್ ಕೈಯಲ್ಲಿ, ಇನ್ನರ್ಧ ನಾಬ್‌ನೊಳಗೆ. ತೂತಿನಲ್ಲಿ ಇಣುಕುವುದು, ಕೈಯಲ್ಲಿರುವ ತುಂಡನ್ನು ನೋಡುವುದು, ಮತ್ತೆ ಇಣುಕುವುದು, ಒಳಗಿರುವುದು ಅಷ್ಟರಲ್ಲಿ ಕರಗಿರಬಹುದೇನೋ ಎಂಬಂತೆ! ಕೊರೆದು ತೆಗೆಯೋಣವೆಂದರೆ ಟ್ಯಾಪೂ ಡ್ರಿಲ್ಲೂ ಒಂದೇ ಜಾತಿಯ ಹೈಸ್ಪೀಡ್ ಉಕ್ಕು. ದಾಯಾದಿಗಳು ಒಬ್ಬರನ್ನೊಬ್ಬರು ಕೊಯ್ಯುವುದಿಲ್ಲ, ಡ್ರಿಲ್ ಪಕ್ಕಕ್ಕೆ ಜಾರಿ ಮೆತ್ತನೆಯ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಮುರಿದ ತುಂಡು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಇದೆ, ಅದರ ಕೂದಲೆಳೆಯಂಥ ಕಾಲುಗಳೂ ಅಲ್ಲೇ ಮುರಿಯುತ್ತವೆ. ಆಗ ತೂತಿನಲ್ಲಿ ಇಬ್ಬರು ಅತಿಥಿಗಳು.

ಒಂದು ಉಪಾಯ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ: ಪಟಿಕ. ಗಾಜಿನ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟೂ ಪಟಿಕ ಹಾಕಿ, ನಾಬ್ ಮುಳುಗಿಸಿ, ಬಿಸಿ ಆರದಂತೆ ನೋಡಿಕೊಂಡರೆ ಉಕ್ಕು ಗುಳ್ಳೆ ಬಿಡುತ್ತಾ ಕರಗುತ್ತದೆ, ಅಲ್ಯೂಮಿನಿಯಂ ಹಾಗೇ ಉಳಿಯುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಅರ್ಧ ಗಂಟೆಯ ಕೆಲಸ ಅಂದಿದ್ದೆವಲ್ಲ!

ಮುರಿಯದಿರಬೇಕಾದರೆ ಟ್ಯಾಪ್‌ನ ಹಿಂಬದಿಗೆ ಲೇತ್‌ನ ಎದುರು ತುದಿಯ ಮೊನೆಯ (ಟೇಲ್‌ಸ್ಟಾಕ್ ಸೆಂಟರಿನ) ಆಸರೆ ಕೊಟ್ಟು, ಮೋಟಾರ್ ಮುಟ್ಟದೆ ಕೈಯಲ್ಲೇ ತಿರುಗಿಸಿ, ಅರ್ಧ ಸುತ್ತು ಮುಂದೆ ಹೋದರೆ ಕಾಲು ಸುತ್ತು ಹಿಂದೆ ಬರಬೇಕು. ಸೀಮೆಎಣ್ಣೆ ಧಾರಾಳವಾಗಿರಲಿ. ನಡುವೆ ಎರಡು ಸಲ ಹೊರತೆಗೆದು ಚೂರು ಒರೆಸಬೇಕು. ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ.

ಇನ್ನು ನರ್ಲಿಂಗ್, ಅಂದರೆ ಬೆರಳು ಜಾರದಂತೆ ಹಲ್ಲಿನ ಚಕ್ರ ಒತ್ತಿ ಗೀರು ಮೂಡಿಸುವುದು. ಗೀರಿನ ಪಿಚ್ 1 ಮಿಮೀ ಇದ್ದರೆ ವ್ಯಾಸ 14 ಮಿಮೀ ಇರಲಿ, ಸುತ್ತಳತೆ 43.98, ಅಂದರೆ ಹೆಚ್ಚೂಕಡಿಮೆ 44 ಹಲ್ಲು ಸರಿಯಾಗಿ ಕೂರುತ್ತದೆ. 14.2 ಆದರೆ ಚಕ್ರ ಎರಡನೇ ಸುತ್ತಿನಲ್ಲಿ ಹಳೆಯ ಗೀರಿಗೆ ಬೀಳದೆ ಪಕ್ಕದಲ್ಲಿ ಹೊಸದು ಕೊರೆಯುವ ಸಂಭವ ಜಾಸ್ತಿ, ನಾಬ್ ಇಲಿ ಕಚ್ಚಿದ ಬೆಲ್ಲದಂತಾಗುತ್ತದೆ. ಅಂಚು ಮುರಿದು, 20 ಮಿಮೀ ಉದ್ದಕ್ಕೆ ಕತ್ತರಿಸಿ, ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಕೂರಿಸಿದರೆ ಮುಗಿಯಿತು. ತೂಕ ಎಂಟು ಗ್ರಾಂ ಆಸುಪಾಸು.

ಹಳೆಯ ನಾಬ್ ಸ್ಕ್ರೂ ಡಬ್ಬಿಯ ತಳ ಸೇರುತ್ತದೆ. ಸೇರಿಸುವಾಗ ಬೆಳಕಿಗೆ ಹಿಡಿದು ನೋಡಿದರೆ ಒಂದು ಮಗ್ಗುಲಲ್ಲಿ ಮಾತ್ರ ಕಪ್ಪು ಬಣ್ಣ ಸವೆದು ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಇಷ್ಟು ವರ್ಷ ಹೆಬ್ಬೆರಳು ಕೂತ ಜಾಗ. ಬೈಗುಳ ತಿಂದೂ ತಿಂದೂ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ, ಪಾಪ.

ಹೊಸ ನಾಬ್ ಹಿಡಿದು ಬೋಲ್ಟ್ ಎತ್ತಿದರೆ ‘ಠಣ್’. ಗುರಿ ನೋಡುವ ದುರ್ಬೀನು ಇದೆಯಲ್ಲ, ಆ ಸ್ಕೋಪಿನ ಕಣ್ಣಿನ ತುದಿಗೆ ನೇರವಾಗಿ ಬಡಿಯುತ್ತದೆ. ಕಡಲೆಕಾಳು ಕಡಲೆಕಾಳಾಗಿದ್ದುದು ಇದಕ್ಕೇ! ಸ್ಕೋಪ್ ಎತ್ತರಿಸಲು ಅದನ್ನು ಹಿಡಿದಿಡುವ ಎತ್ತರದ ರಿಂಗ್ ಬೇಕು. ಸ್ಕೋಪ್ ಎದ್ದರೆ ಕಣ್ಣು ಏಳಬೇಕು, ಕಣ್ಣು ಏಳಬೇಕಾದರೆ ಕೆನ್ನೆ ಒರಗಿಸುವ ಪಟ್ಟಿ ಏಳಬೇಕು, ಝೀರೋ (ಸ್ಕೋಪಿನ ಗುರಿಯನ್ನು ಪೆಲೆಟ್ ಬೀಳುವ ಜಾಗಕ್ಕೆ ಹೊಂದಿಸುವುದು) ಮೊದಲಿಂದ ಮಾಡಬೇಕು. ಕೆನ್ನೆಪಟ್ಟಿ ಎತ್ತರಿಸಲು ಎರಡು ಸಣ್ಣ ಅಲ್ಯೂಮಿನಿಯಂ ಕಂಬ ಸಾಕು. ಎರಡಕ್ಕೂ ತಳದಲ್ಲಿ ಎಂ5 ಥ್ರೆಡ್. ಅರ್ಧ ಗಂಟೆ ಕೆಲಸ.