ಲೋಡ್ ಇದೆ ಅಂತ ಫುಲ್ ರೇಸ್ ಯಾಕೆ?

ಕಬ್ಬಿನ ಸೀಸನ್ ಶುರುವಾದರೆ ಮುಧೋಳ, ಜಮಖಂಡಿ ಕಡೆ ಹಗಲು ರಾತ್ರಿ ರಸ್ತೆ ತುಂಬಾ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್. ಸಪಾಟು ರಸ್ತೆಯಲ್ಲೂ ಎಷ್ಟೋ ಜನ ಕೆಳಗಿನ ಗೇರ್‌ನಲ್ಲೇ ಫುಲ್ ರೇಸ್ ಇಟ್ಟು ಓಡಿಸುತ್ತಾರೆ. ಲೋಡ್ ಇದೆಯಲ್ಲ, ರೇಸ್ ಕೊಡದಿದ್ದರೆ ಎಳೆಯೋದು ಹೇಗೆ ಅನ್ನುತ್ತಾರೆ. ಡೀಸೆಲ್ ದುಡ್ಡು ಸೋರಿಹೋಗುವುದು ಇಲ್ಲೇ.

ಟ್ರ್ಯಾಕ್ಟರ್ ಎಂಜಿನ್‌ಗೆ ಎಳೆಯುವ ಬಲ, ಅಂದರೆ ಟಾರ್ಕ್, ಜಾಸ್ತಿ ಬರುವುದು ಫುಲ್ ರೇಸ್‌ನಲ್ಲಿ ಅಲ್ಲ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದು 1200ರಿಂದ 1500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲೇ ಸಿಗುತ್ತದೆ. ಸುಮ್ನೆ 2000 ದಾಟಿಸಿದರೆ ಪಿಸ್ಟನ್, ಆಯಿಲ್ ಪಂಪ್, ಫ್ಯಾನ್ ಎಲ್ಲವೂ ಅಷ್ಟೇ ಜೋರಾಗಿ ಓಡಬೇಕು, ಆ ತಿಕ್ಕಾಟಕ್ಕೆ ಹೋಗುವ ಡೀಸೆಲ್‌ನಿಂದ ಟ್ರೇಲರ್ ಒಂದಡಿಯೂ ಮುಂದೆ ಹೋಗುವುದಿಲ್ಲ. ಒಂದು ಗೇರ್ ಮೇಲೆ ಹಾಕಿ, ರೇಸ್ ಇಳಿಸಿ, ಅದೇ ವೇಗದಲ್ಲಿ ಓಡಿಸಿ. ಕೆಲಸ ಅಷ್ಟೇ, ಖರ್ಚು ಕಡಿಮೆ.

ಹಾಗಂತ ಎಂಜಿನ್ ಒದ್ದಾಡುವಷ್ಟು ಮೇಲಿನ ಗೇರ್ ಬೇಡ. ಓಡುತ್ತಿರುವಾಗ ಎಕ್ಸಲೇಟರ್ ಸ್ವಲ್ಪ ಒತ್ತಿ ನೋಡಿ. ಎಂಜಿನ್ ಸದ್ದು ತಕ್ಷಣ ಏರಿದರೆ ಗೇರ್ ಸರಿ ಇದೆ. ಸದ್ದು ಏರದೆ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಮಾತ್ರ ಬಂದರೆ ಗೇರ್ ಇಳಿಸಿ. ಆ ಹೊಗೆ ಅಂದರೆ ಪೂರ್ತಿ ಸುಡದ ಡೀಸೆಲ್, ಎಂಜಿನ್ ಹೀಟ್ ಆಗುವುದು ಬೇರೆ.

ಡ್ರೈವರ್‌ಗಳನ್ನು ಬೈಯುವ ಮಾಲೀಕರಿಗೂ ಒಂದು ಮಾತು. ಅವರು ಕೆಳಗಿನ ಗೇರ್ ಹಿಡಿಯುವುದಕ್ಕೆ ಕಾರಣ ಇದೆ. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಓಡುತ್ತಲೇ ಗೇರ್ ಬದಲಿಸುವುದು ಕಷ್ಟ. ಏರಿನ ಮಧ್ಯೆ ಗೇರ್ ಬೀಳದೆ ನಿಂತುಬಿಟ್ಟರೆ ಲೋಡ್ ಹಿಂದಕ್ಕೆ ಜಗ್ಗುತ್ತದೆ, ಮತ್ತೆ ಕ್ಲಚ್ ಬಿಡುವಾಗ ಮುಂದಿನ ಗಾಲಿ ಮೇಲೇಳುತ್ತದೆ, ಜೀವಕ್ಕೇ ಅಪಾಯ. ಆ ಒಂದು ಏರಿನ ಭಯಕ್ಕೆ ಇಡೀ ದಾರಿ ಅದೇ ಗೇರ್! ಏರು ಶುರುವಾಗುವ ಮುಂಚೆ ಸಪಾಟಿನಲ್ಲೇ ಗೇರ್ ಇಳಿಸಿಕೊಂಡರೆ ಆ ಭಯ ಇರುವುದಿಲ್ಲ. ಏರು ಮುಗಿದ ಮೇಲೆ ಮತ್ತೆ ಮೇಲಿನ ಗೇರ್ ಹಾಕಬೇಕು, ಮರೆಯುವುದು ಅದನ್ನೇ ಅಲ್ವಾ?

ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಗೇರ್‌ನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ, ಕೈ ಎಕ್ಸಲೇಟರನ್ನೂ ಪೂರ್ತಿ ಇಳಿಸಿದ್ದರೆ, ಎಂಜಿನ್‌ಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ನೋಡಿಕೊಳ್ಳುವ ಗವರ್ನರ್ ಅದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ, ಗಾಲಿಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಓಡಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ, ಅಷ್ಟು ಟನ್ ಕಬ್ಬು ಹಿಂದಿನಿಂದ ತಳ್ಳುವಾಗ ಟ್ರ್ಯಾಕ್ಟರ್ ಬ್ರೇಕ್ ಒಂದೇ ಸಾಲದು. ಅದೇ ಇಳಿಜಾರನ್ನು ಲೋಡ್ ಸಮೇತ ಹತ್ತುವುದಾದರೆ ಯಾವ ಗೇರ್ ಹಾಕುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ಮಾಲೀಕರೇ, ಈ ಸೀಸನ್‌ಗೆ ಟ್ರೇಲರ್‌ಗೂ ಬ್ರೇಕ್ ಹಾಕಿಸಿ.